ಒದ್ದೆ ತಲೆ, ಬಸ್ಸಿನ ತಂಪು

ನಮ್ಮ ಯಜಮಾನರು ಬಸ್ಸಿನ ಎಸಿ ರಿಪೇರಿ ಮಾಡುತ್ತಾರೆ. ಬೇರೆಯವರ ಗ್ಯಾರೇಜು ಬಿಟ್ಟು, ಶಹಾಪುರದ ನಮ್ಮ ಮನೆಯ ಪಕ್ಕದ ಬಯಲಿನಲ್ಲೇ ಸ್ವಂತ ಕೆಲಸ ಹಿಡಿದಾಗ ಬಂದ ಮೊದಲ ಬಸ್ಸು ಸುರಪುರದ ಮಾಲೀಕರೊಬ್ಬರದು. "ಸಂಜಿಗೆ ಮಂದಿ ಹತ್ತತಾರ್ರಿ. ತಣ್ಣಗಾದ್ರ ಉಳಿದ ಬಸ್ಸೂ ನಿಮ್ಮ ಕಡಿನೇ ಕಳಸ್ತೀನಿ. ಇಲ್ಲಂದ್ರ ಕಲಬುರಗಿಗೇ ಒಯ್ತೀನಿ" ಎಂದು ಅವರು ಫೋನಿನಲ್ಲಿ ಹೇಳಿದ್ದು ನನಗೂ ಕೇಳಿಸಿತ್ತು.

ಗ್ಯಾಸು ಎಲ್ಲಾದರೂ ಸೋರುತ್ತಿದೆಯೇ ಎಂದು ಇವರು ಪೈಪುಗಳಿಗೆಲ್ಲ ಸಾಬೂನಿನ ನೀರು ಹಚ್ಚಿ ನೋಡಿದರು. ಒಂದು ಗುಳ್ಳೆಯೂ ಏಳಲಿಲ್ಲ. ಯಾದಗಿರಿಯಿಂದ ತಂದ ಗ್ಯಾಸು ತುಂಬಿದರು. ಆದರೂ ತಂಪು ತೋರಿಸುವ ಮೀಟರಿನ ಮುಳ್ಳು ಇಳಿಯದೆ ಮೊಂಡು ಎತ್ತಿನ ಹಾಗೆ ನಿಂತಿತು. ಮೀಟರೇ ಕೆಟ್ಟಿದೆಯೇನೋ ಎಂದು ಕಡೆಗೆ ನನ್ನನ್ನು ಕರೆದರು.

"ಒಳಗ ಕುಂದ್ರು. ಥಂಡಿ ಹತ್ತತೈತೋ ಇಲ್ಲೋ ಹೇಳು."

ಕೂತೆ. ಮೇಲಿನಿಂದ ಗಾಳಿ ಬಿತ್ತು, ಮೈ ಜುಂ ಎಂದಿತು. ಶಿವನೇ, ನಾ ಬೇಡಿದ್ದು ಕೇಳಿಸಿಕೊಂಡೆಯಪ್ಪಾ ಎಂದುಕೊಂಡೆ.

"ಬಾಳ ಥಂಡಿ ಐತ್ರಿ!"

ಇವರು ಮೀಟರಿನ ಮುಳ್ಳು ನೋಡಿದರು, ನನ್ನ ಕೈಮೇಲೆ ಎದ್ದ ಮುಳ್ಳು ನೋಡಿದರು. ಅಷ್ಟರಲ್ಲಿ ಅತ್ತೆ ಕೋಲೂರಿಕೊಂಡು ಹತ್ತಿ ಬಂದು ಹಿಂದಿನ ಸೀಟಿನಲ್ಲಿ ಕೂತರು.

"ಎಲ್ಲೈತಿ ಥಂಡಿ? ಒಲಿ ಮುಂದ ಕುಂತಂಗ ಆಗೈತಿ."

"ನನಗ ನಡುಕ ಬರಾಕತ್ತೈತ್ರೀ ಅತ್ತಿ."

"ಸೋಮ್ವಾರ ಅಂತ ಉಪಾಸ ಕುಂತರ ನಡುಕ ಬರಲಾರ್ದ ಏನ್ ಹಾಡು ಬರ್ತಾವ?"

"ಯಾರ ಮಾತು ನಂಬಲಿ ನಾ?" ಎಂದರು ಇವರು.

ನನಗೂ ತಿಳಿಯಲಿಲ್ಲ. ಸೀಟು ಬದಲಿಸಿದೆ, ಅಲ್ಲೂ ಚಳಿ. ಗಲಿಬಿಲಿಯಾಗಿ ಕೆಳಗಿಳಿದು ಬಿಸಿಲಿಗೆ ನಿಂತೆ.

"ರೀ, ಬಿಸಲಾಗೂ ಥಂಡಿ ಐತ್ರಿ."

ಅತ್ತೆ ಕಿಟಕಿಯ ಗಾಜು ಬಡಿದು ನನ್ನ ತಲೆಯತ್ತ ಕೋಲು ತೋರಿಸಿದರು. ಸೋಮವಾರವೆಂದು ತಲೆಗೆ ಎರೆದುಕೊಂಡಿದ್ದೆ. ಹರವಿದ ಕೂದಲಿನಿಂದ ನೀರು ಇನ್ನೂ ಬೆನ್ನಿಗೆ ಇಳಿಯುತ್ತಿತ್ತು.

ಬಸ್ಸು ತಣ್ಣಗಾಗಿಲ್ಲವೆಂದು ಖಾತ್ರಿಯಾಗಿ ಇವರು ಏಣಿ ಹತ್ತಿದರು. ಬಸ್ಸಿನ ಚಾವಣಿಯ ಮೇಲಿನ ಎಸಿಯ ಜಾಳಿಗೆಯನ್ನು ಹಿಂದಿನ ದಿನವೇ ಹೊರಗಿನಿಂದ ತೊಳೆದಿದ್ದರಿಂದ ಅದರ ಮೇಲೆ ಗುಮಾನಿ ಇರಲಿಲ್ಲ. ಈಗ ಫ್ಯಾನುಗಳನ್ನೇ ಬಿಚ್ಚಿದರೆ, ಅಡಿಯಲ್ಲಿ ಹತ್ತಿಯ ಜುಂಗು ಕೌದಿಯ ಹಾಗೆ ಹಾಸಿಕೊಂಡಿತ್ತು. ಸುಗ್ಗಿಯಲ್ಲಿ ಆ ಬಸ್ಸು ನಿಲ್ಲುತ್ತಿದ್ದುದು ಹತ್ತಿ ಮಿಲ್ಲಿನ ಗೋಡೆಯ ಪಕ್ಕದಲ್ಲಿ. ಯಂತ್ರಕ್ಕೆ ಉಸಿರೇ ಇರಲಿಲ್ಲ. ಜುಂಗು ಕಿತ್ತು, ನೀರು ಬಿಟ್ಟು ತೊಳೆದು, ಫ್ಯಾನು ಕೂರಿಸಿ ಎಸಿ ಹಚ್ಚಿದರು.

ಕೂದಲು ಒಣಗಿಸಿ ಗಂಟು ಹಾಕಿಕೊಂಡು ಮತ್ತೆ ಕೂತೆ. ತಂಪೇನೋ ಅನಿಸಿತು, ಆದರೆ ನನ್ನ ಮೈಯನ್ನೇ ನಾನು ನಂಬದಂತಾಗಿತ್ತು. ಅತ್ತೆಯ ಕಡೆ ತಿರುಗಿದೆ. ಇವರು ಬಾಗಿಲಲ್ಲಿ ನಿಂತು ನಮ್ಮಿಬ್ಬರ ಮುಖ ನೋಡುತ್ತಿದ್ದರು.

"ಏ, ನನ್ನ ಶಾಲು ತಾ" ಎಂದರು ಅತ್ತೆ.

"ಯಾಕಬೇ?" ಇವರ ದನಿ ಸಣ್ಣಗಾಗಿತ್ತು.

"ಯಾಕಂದ್ರ? ಸಾಯ್ಲೇನು ಥಂಡಿಗೆ?"

ಶಾಲು ತರಲು ಓಡಿದವಳು ದೇವರ ಗೂಡಿನ ಮುಂದೆ ನಿಂತುಬಿಟ್ಟೆ. ಕಾಪಾಡಿದ್ದು ಶಿವನೋ, ಅತ್ತೆಯ ಬೆವರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಇಬ್ಬರಿಗೂ ಕೈ ಮುಗಿದೆ.

ಮುಂದೆ ಅದೇ ಮಾಲೀಕರ ಇನ್ನೊಂದು ಬಸ್ಸು ಬಂತು. ಅವತ್ತೂ ಸೋಮವಾರವೇ. ಇವರು ಸೀದಾ ಹೋಗಿ ಅತ್ತೆಯನ್ನು ಕರೆದರು.