ಖಾಲಿ ಬಿಟ್ಟ ಸಾಲು

ಹುಮನಾಬಾದ್ ಬಸ್ ನಿಲ್ದಾಣದಲ್ಲಿ ಬಸವಕಲ್ಯಾಣದ ಬಸ್ಸು ತಡವಾಯಿತೆಂದು ಗೊಣಗುತ್ತ ನಿಂತಿದ್ದೆ. ಪಕ್ಕದಲ್ಲಿದ್ದ ಕಾಲೇಜಿನ ಐವರು ಹುಡುಗಿಯರು ಇದ್ದಕ್ಕಿದ್ದಂತೆ ಹಾಡಲು ಶುರು ಮಾಡಿದರು. ವಾದ್ಯ ಒಂದೂ ಇಲ್ಲ. ಒಬ್ಬಳು ಗಲ್ಲ ಉಬ್ಬಿಸಿ ಬಾಯಲ್ಲೇ ಢೋಲಕ್ ನುಡಿಸಿದಳು, ಇನ್ನೊಬ್ಬಳ ಮೂಗಿನಿಂದ ಹಾರ್ಮೋನಿಯಂ ಹೊರಟಿತು. ಕತ್ತಿಗೆ ದುಪಟ್ಟಾ ಸುತ್ತಿಕೊಂಡು ನಡುವೆ ನಿಂತವಳು ಮಾತ್ರ ಸುಮ್ಮನಿದ್ದಳು. ಹಾಡು ತಟ್ಟನೆ ನಿಂತಿತು. ನಾನು ಜೋರಾಗಿ ಚಪ್ಪಾಳೆ ತಟ್ಟಿದೆ.

"ಇನ್ನಾ ಮುಗಿದಿಲ್ರಿ," ಎಂದಳು ಢೋಲಕ್ ಹುಡುಗಿ. "ಅದು ನಮ್ಮ ರೇಣುಕಾನ ಸಾಲು. ಗಂಟಲ ಆಪರೇಷನ್ ಆದಾಗಿಂದ ಆಕಿಗಿ ದನಿ ಬರವಲ್ದು. ಅದಕ್ಕ ಆ ಸಾಲು ಖಾಲಿ ಬಿಟ್ಟು ಹಾಡಾಕತ್ತೇವ್ರಿ."

"ನಿಮ್ಮಲ್ಲೇ ಯಾರಾದರೂ ಹಾಡಬಹುದಲ್ಲ?"

"ಹ್ಯಾಂಗ್ರಿ? ಆಕಿ ಇಲ್ಲೇ ಅದಾಳಲ್ಲ!"

ಅವರೂ ನನ್ನ ಬಸ್ಸನ್ನೇ ಹತ್ತಿದರು. ಬಸ್ಸು ಹೊರಟ ಮೇಲೆ ಮತ್ತೆ ಹಾಡಿದರು. ಆ ಸಾಲು ಬಂದಾಗ ನಾನು ಕೈ ಕಟ್ಟಿಕೊಂಡು ಕುಳಿತೆ. ರೇಣುಕಾಳ ತುಟಿ ಅಲುಗಿತು. ನಾಲ್ವರೂ ಅವಳತ್ತ ಕಿವಿಗೊಟ್ಟು ಬಾಗಿದರು. ಬಸ್ಸಿನ ಸದ್ದಿನಲ್ಲಿ ನನಗೇನೂ ಕೇಳಿಸಲಿಲ್ಲ.

"ಬಂತೇನ?" ಎಂದು ಢೋಲಕ್ ಹುಡುಗಿ ಮೆಲ್ಲಗೆ ಕೇಳಿದಳು.

ರೇಣುಕಾ ಹೆಬ್ಬೆರಳು, ತೋರುಬೆರಳು ಹತ್ತಿರ ತಂದು, ನಡುವೆ ಒಂದು ಜೋಳದ ಕಾಳಿನಷ್ಟು ಜಾಗ ಬಿಟ್ಟು ತೋರಿಸಿದಳು.