ಬಾಲ ಕಚ್ಚಿ ನಡೆದ ಮರಿಗಳು

ನಾನು ಕೊಪ್ಪಳದ ಶಾಲೆಯೊಂದಕ್ಕೆ ವಿಜ್ಞಾನದ ಮಾಸ್ತರನಾಗಿ ಬಂದದ್ದು ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ. ಹೈದರಾಬಾದಿನಲ್ಲಿ ಓದಿದ್ದೆ. ಊರಿನಲ್ಲಿ ನನ್ನಷ್ಟು ತಿಳಿದವರಿಲ್ಲ ಎಂಬ ಗರ್ವವಿತ್ತು. ಅದನ್ನು ಮುಚ್ಚಿಟ್ಟುಕೊಳ್ಳುವ ಜಾಣತನ ಇರಲಿಲ್ಲ.

ಕಾಲೇಜಿನಲ್ಲಿ ನನಗೆ ಪ್ರಾಣಿಶಾಸ್ತ್ರ ಕಲಿಸಿದ ಪ್ರೊಫೆಸರರು ಒಮ್ಮೆ ಕಾಗದ ಬರೆದು, ನಿಮ್ಮ ಸೀಮೆಯ ಸುಂಡಿಲಿಗಳನ್ನು ಕಳಿಸಿ ಎಂದರು. ಗೋಡೆಗುಂಟ ಚಿಕ್ ಚಿಕ್ ಎನ್ನುತ್ತ ಓಡುವ, ಉದ್ದ ಮೂತಿಯ, ನಾರುವ ಪ್ರಾಣಿ ಅದು. ಹೆಸರಿನಲ್ಲಿ ಇಲಿ ಇದ್ದರೂ ಇಲಿಯ ಕುಲದ್ದಲ್ಲ. ಇಲಿಗೆ ಮುಂದೆ ಉಳಿಯಂಥ ಹಲ್ಲು, ಅದರ ಹಿಂದೆ ಬರಿದು ಜಾಗ. ಸುಂಡಿಲಿಗೆ ಬಾಯಿ ತುಂಬ ಮೊನಚು ಹಲ್ಲು, ಆಹಾರ ಹುಳುಹುಪ್ಪಟೆ. ಶೀತದೇಶದ ಕೆಲವಕ್ಕೆ ಹಲ್ಲಿನ ತುದಿ ಕೆಂಪಗಿರುತ್ತದೆ, ನಮ್ಮವು ಬಿಳಿಹಲ್ಲಿನವು. ಆ ಬಿಳಿಹಲ್ಲಿನವುಗಳಲ್ಲಿ ನಮ್ಮಲ್ಲಿ ಎಷ್ಟು ಬಗೆ ಇವೆ ಎಂಬುದು ಅವರಿಗೆ ತಿಳಿಯಬೇಕಿತ್ತು. ಸತ್ತ ಸುಂಡಿಲಿ ಸಿಕ್ಕರೆ ತಂದುಕೊಡಿ ಎಂದು ಶಾಲೆಯಲ್ಲಿ ಎಲ್ಲರಿಗೂ ಹೇಳಿಟ್ಟಿದ್ದೆ.

ಶಾಲೆಯ ನೆಲ ಸಾರಿಸಿ ನೀರು ತುಂಬಲು ಒಬ್ಬ ಹೆಂಗಸು ಬರುತ್ತಿದ್ದರು. ನನ್ನ ತಾಯಿಯ ವಯಸ್ಸಿನ ವಿಧವೆ. ಜೋಳದ ಸುಗ್ಗಿಗೆ ತವರಾದ ಹಿಟ್ನಾಳಕ್ಕೆ ಹೋಗಿಬಂದವರು, ನಾನು ಪಾಠ ಮಾಡುತ್ತಿದ್ದಾಗಲೇ ಒಳಗೆ ಬಂದು ಒಂದು ಬಟ್ಟೆಯ ಗಂಟನ್ನು ಮೇಜಿನ ಮೇಲೆ ಬಿಚ್ಚಿದರು. ಬೆರಳುದ್ದವೂ ಇಲ್ಲದ ಸತ್ತ ಸುಂಡಿಲಿ. ನಾನು ನೋಡಿದವನೇ, ಮನೆಯ ಸುಂಡಿಲಿಯ ಮರಿ ಇದು, ಬೇಡ ಎಂದೆ.

"ಮರಿ ಅಲ್ರಿ ಮಾಸ್ತರ. ಹೊಟ್ಟಿ ನೋಡ್ರಿ, ಹಾಲ ಕುಡಿಸೋ ತಾಯಿ ಐತಿ. ಇದರ ಜಾತಿನ ಬ್ಯಾರೆ."

ಅಷ್ಟಕ್ಕೇ ನಿಲ್ಲಿಸದೆ ತಾವು ಕಂಡದ್ದನ್ನೂ ಹೇಳಿದರು. ಬಣವೆಯಿಂದ ಜೋಳದ ಕಣಿಕೆಯ ದಂಟು ಎತ್ತಿದಾಗ ಇಂಥದೇ ಇನ್ನೊಂದು ತಾಯಿ ಹೊರಬಿತ್ತಂತೆ. ಅದರ ಬಾಲದ ಬುಡವನ್ನು ಒಂದು ಮರಿ ಕಚ್ಚಿತ್ತು, ಆ ಮರಿಯದನ್ನು ಮತ್ತೊಂದು. ಹೀಗೆ ಐದು ಮರಿಗಳು ಹಗ್ಗದಂತೆ ಸಾಲುಗಟ್ಟಿ ಹೋದವಂತೆ.

"ಸುಂಡಿಲಿ ರೈಲು ಬಿಡ್ತಾವೇನು?" ಎಂದೆ ನಾನು, ಹುಡುಗರ ಕಡೆ ತಿರುಗಿ. ತರಗತಿ ಗೊಳ್ಳೆಂದು ನಕ್ಕಿತು. ಆಕೆ ಬಟ್ಟೆ ಮಡಚಿಕೊಂಡು ಕೊಡ ಎತ್ತಿಕೊಂಡು ಹೊರಗೆ ಹೋದರು.

ಮೇಜಿನ ಮೇಲೇ ಉಳಿದಿದ್ದ ಅದನ್ನು ಮಧ್ಯಾಹ್ನ ಮಸೂರದಡಿ ಇಟ್ಟು ನೋಡಿದೆ. ಮೊಲೆತೊಟ್ಟುಗಳು ಉಬ್ಬಿದ್ದವು, ಹಲ್ಲು ಸವೆದಿತ್ತು. ಅದು ಮರಿಯಾಗಿರಲಿಲ್ಲ. ಸ್ಪಿರಿಟ್ಟಿನಲ್ಲಿ ಹಾಕಿ ಕಳಿಸಿದೆ. ಜೊತೆಗೆ ಬರೆದ ಕಾಗದದಲ್ಲಿ ಆ ಮರಿಗಳ ಸಾಲಿನ ವಿಚಾರವನ್ನೂ ಸೇರಿಸಿದೆ. ಬಣವೆ ಬಿಚ್ಚುವಾಗ ನಾನೇ ನಿಂತು ಕಣ್ಣಾರೆ ಕಂಡೆ ಎಂದು ಬರೆದೆ. ಕೂಲಿಯ ಹೆಂಗಸಿನ ಮಾತೆಂದರೆ ಅವರು ನಂಬಲಾರರು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಸಲು ಸಂಗತಿಯೆಂದರೆ ಹೊಗಳಿಕೆ ನನಗೆ ಬೇಕಾಗಿತ್ತು.

ಹೊಗಳಿಕೆ ಬಂತು. ಕಳಿಸಿದ್ದು ಬೆಳೆದ ಪ್ರಾಣಿಯೇ, ಸಣ್ಣ ಬಗೆಯದು. ಬಾಲ ಕಚ್ಚಿ ಸಾಗುವುದು ಬಿಳಿಹಲ್ಲಿನವುಗಳ ರೂಢಿ, ಬೇರೆಡೆಯೂ ಕಂಡವರಿದ್ದಾರೆ, ನಿಮ್ಮ ಕಣ್ಣು ಚುರುಕು ಎಂದು ಪ್ರೊಫೆಸರರು ಬರೆದಿದ್ದರು. ಹೆಡ್‌ಮಾಸ್ತರರು ಆ ಉರ್ದು ಕಾಗದವನ್ನು ಪಡಸಾಲೆಯಲ್ಲಿ ಎಲ್ಲ ಮಾಸ್ತರರೆದುರು ಓದಿದರು. ಉರ್ದು ಬಾರದ ಆಕೆ ಅಲ್ಲೇ ಹಂಡೆಗೆ ನೀರು ಸುರಿಯುತ್ತಿದ್ದರು. ಎಲ್ಲರೂ ಹೋದ ಮೇಲೆ ಹತ್ತಿರ ಬಂದು ಕೇಳಿದರು:

"ನನ್ನ ಮಾತು ಹೈದ್ರಾಬಾದಕ ಹೋತೇನ್ರಿ?"

ಹೋಯಿತು ಎಂದೆ. ಆಕೆಯ ಮುಖ ಅರಳಿದ್ದನ್ನು ನೋಡಲಾಗದೆ ಸುಮ್ಮನೆ ಪುಸ್ತಕ ತೆರೆದೆ.

ಅಲ್ಲಿಂದ ಮುಂದೆ ಆಕೆ ಕಂಡರೆ ನಾನು ಹಿಂಬಾಗಿಲಿನಿಂದ ಹೋಗುತ್ತಿದ್ದೆ. ತಿಂಗಳೊಪ್ಪತ್ತು ಹೀಗೇ ಕಳೆಯಿತು. ಕೊನೆಗೊಂದು ಮುಂಜಾನೆ, ಆಕೆ ನೆಲ ಸಾರಿಸುತ್ತಿದ್ದಾಗ, ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ಮಾತು ನಿಮ್ಮದು, ಬರೆದದ್ದು ನನ್ನದೆಂದು, ಕಾಣದ್ದನ್ನು ಕಂಡೆನೆಂದು ಬರೆದೆ ಎಂದೆ. ಆಕೆಯ ಕೈ ಸಗಣಿನೀರಿನಲ್ಲೇ ನಿಂತಿತು. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ, ಸಣ್ಣ ದನಿಯಲ್ಲಿ ಹೇಳಿದರು:

"ಆತು ಬಿಡ್ರಿ. ಓಣ್ಯಾಗ ಮಾತ್ರ ಯಾರ ಮುಂದೂ ಹೇಳಬ್ಯಾಡ್ರಿ. ನನ್ನ ಮಾತು ಹೈದ್ರಾಬಾದಿನ ದೊಡ್ಡ ಸಾಲಿಗೆ ಹೋಗೈತಿ ಅಂತ ತವರಮನಿ ತನಕ ಹೇಳೀನಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಂದೇ ಪ್ರೊಫೆಸರರಿಗೆ ಇದ್ದದ್ದನ್ನು ಇದ್ದಂತೆ ಬರೆದೆ. ಎರಡೇ ಸಾಲಿನ ಉತ್ತರ ಬಂತು: ಕಂಡವರ ಹೆಸರಿಲ್ಲದೆ ಆ ಟಿಪ್ಪಣಿ ಇಟ್ಟುಕೊಳ್ಳಲಾರೆ, ಆ ಹೆಣ್ಣುಮಗಳ ಹೆಸರೇನು? ಎರಡು ವರ್ಷ ಆಕೆ ತುಂಬಿದ ನೀರು ಕುಡಿದಿದ್ದ ನನಗೆ ಅದು ಗೊತ್ತಿರಲಿಲ್ಲ. ಹೋಗಿ ಕೇಳಿದೆ. ಆಕೆ ಸೆರಗು ಬಾಯಿಗೆ ಅಡ್ಡ ಹಿಡಿದು ನಾಚಿಕೊಂಡೇ ಹೇಳಿದರು. ಬರೆದು ಕಳಿಸಿದೆ. ಮತ್ತೆ ಉತ್ತರ ಬರಲಿಲ್ಲ. ಅವರು ತಿದ್ದಿಕೊಂಡರೋ ಇಲ್ಲವೋ ತಿಳಿಯದು.

ಅಂದು ನಕ್ಕ ಹುಡುಗರಿಗೆ, ಆಕೆ ಹೇಳಿದ್ದೇ ನಿಜ ಎಂದು ಹೇಳಬೇಕಿತ್ತು. ಎರಡು ಸಲ ಅದಕ್ಕೆಂದೇ ಎದ್ದು ನಿಂತೆ. ಎರಡು ಸಲವೂ ಬೇರೆ ಪಾಠ ಶುರುಮಾಡಿದೆ.