ಕೌದಿ ಹೊದ್ದ ಜೇನುಪೆಟ್ಟಿಗೆ

"ತಂಗೆವ್ವಾ, ಈ ಕೌದಿಯೊಳಗ ಯಾರ ಮಲಗ್ಯಾರ?" ಎಂದು ಮಲೇರಿಯಾ ಇಲಾಖೆಯ ಹಿರಿಯ ನೌಕರರೊಬ್ಬರು ಡಿಡಿಟಿ ಪಂಪನ್ನು ಕೆಳಗಿಟ್ಟು ನನ್ನ ಅವ್ವನನ್ನು ಕೇಳಿದರು.

ದುಮ್ಮವಾಡದ ನಮ್ಮ ಮನೆಯ ಹಿತ್ತಿಲಿನಲ್ಲಿ, ಗೋಡೆಗೆ ತಾಗಿಸಿ ಇಟ್ಟಿದ್ದ ಜೇನುಪೆಟ್ಟಿಗೆ ಅದು. ಸೊಳ್ಳೆಯ ಔಷಧಿಗೆ ಜೇನುಹುಳುಗಳೂ ಸಾಯುತ್ತವೆ ಎಂಬ ಭಯದಿಂದ, ಅವು ಹೊರಬೀಳುವ ಮೊದಲೇ ಅವ್ವ ಒದ್ದೆ ಕೌದಿಯನ್ನು ಹೊದಿಸಿದ್ದಳು. ಪದವೀಧರನಾದ ನಾನು ಆ ಗೋಡೆಗೆ ಔಷಧಿ ಹೊಡೆಯದೆ ಬಿಡಬೇಕೆಂದು ವಿನಂತಿಸಿ, ಮೂರು ಸಲ ತಿದ್ದಿ ಬರೆದಿದ್ದ ಅರ್ಜಿಯನ್ನು ಕಿಸೆಯಿಂದ ತೆಗೆಯುವಷ್ಟರಲ್ಲಿ ಅವ್ವನೇ ಉತ್ತರಿಸಿದಳು:

"ಬಾಣಂತಿ ಅದಾಳ್ರಿ ಅಣ್ಣಾರ. ಔಷಧದ ಘಾಟು ತಡಿಯಂಗಿಲ್ಲ."

ಬಾಣಂತಿಯ ಕೋಣೆಗೆ ಔಷಧಿ ಹೊಡೆಯಲು ನಮ್ಮೂರಿನಲ್ಲಿ ಯಾರೂ ಬಿಡುತ್ತಿರಲಿಲ್ಲ. ಅವರು ಬಾಗಿ ಕೌದಿಗೆ ಕಿವಿಗೊಟ್ಟರು. ಒಳಗಿನ ಗುಂಯ್‌ಗುಡುವ ಸದ್ದನ್ನು ಕೇಳಿ ಮನಸಾರೆ ನಕ್ಕರು.

"ಅಗದಿ ದೊಡ್ಡ ಸಂಸಾರ ಐತಿ ಬಿಡವಾ. ಲೇ, ಈ ಬಾಜು ಹೊಡೀಬ್ಯಾಡ್ರಿ," ಎಂದು ಸಂಗಡಿಗರಿಗೆ ಕೂಗಿದರು. ಔಷಧಿ ಹೊಡೆದ ವಿವರವನ್ನು ಬಾಗಿಲ ಬಳಿ ಬರೆಯುವುದು ಅವರ ಪದ್ಧತಿ. ಕೆಮ್ಮಣ್ಣಿನಿಂದ ಗಂಭೀರವಾಗಿ ಬರೆದರು: "ಹಿತ್ತಲ ಬಿಟ್ಟಿದೆ. ಬಾಣಂತಿ."

ಮರುದಿನ ಬೆಳಿಗ್ಗೆ ಕೌದಿ ತೆಗೆದಾಗ ಹುಳುಗಳು ಎಂದಿನಂತೆ ಹೊಲದತ್ತ ಹಾರಿದವು. ಇಂದಿಗೂ ಗೋಡೆಗೆ ಸುಣ್ಣ ಬಳಿಯುವಾಗ ಅವ್ವ ಆ ಕೆಂಪು ಅಕ್ಷರಗಳನ್ನು ಬಿಟ್ಟೇ ಬಳಿಯುತ್ತಾಳೆ. ನನ್ನ ಅರ್ಜಿಯನ್ನು ಮಾತ್ರ ಯಾರೂ ಓದಲಿಲ್ಲ.